ಮೊದಲ ರಾತ್ರಿಗೆ ರಸೀದಿ ಬೇಡ



‘ಹೊರನಾಡಿನಲ್ಲಿ ಆತಿಥ್ಯ’ ಎಂಬುದು ನನಗೆ ಕೊಟ್ಟ ವಿಷಯ. ಚಾರ್ಟರ್ಡ್ ಅಕೌಂಟೆಂಟ್‌ಗೆ ಇದೆಂಥ ವಿಷಯ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. “ಸಂಘದ ಲೆಕ್ಕ ನೋಡುವವರು ನೀವೇ ಅಲ್ಲವೇ ಸಾರ್” ಎಂದರು. ಸರಿ, ಲೆಕ್ಕದಿಂದಲೇ ಆತಿಥ್ಯಕ್ಕೆ ಹೋಗೋಣ.

ಸ್ಪೇನಿನ ವಾಯವ್ಯ ಮೂಲೆಯಲ್ಲಿ ಸಾಂಟಿಯಾಗೊ ದೆ ಕಾಂಪೊಸ್ತೆಲಾ ಎಂಬ ಊರಿದೆ. ಅಲ್ಲಿರುವುದು ಸಂತ ಯಾಕೋಬನ ಸಮಾಧಿ ಎಂದು ನಂಬಿ, ಸಾವಿರ ವರ್ಷಗಳಿಂದ ಜನ ನಡೆದು ಬರುತ್ತಿದ್ದಾರೆ. ಫ್ರಾನ್ಸ್ ಗಡಿಯಿಂದ ಹೊರಟರೆ ಸುಮಾರು 780 ಕಿಲೋಮೀಟರ್. 1980ರ ದಶಕದ ಆರಂಭದಲ್ಲಿ ಈ ದಾರಿ ಬಹುಮಟ್ಟಿಗೆ ಮರೆತುಹೋಗಿತ್ತು. ಆಗ ಓ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿನ್ಯ ಹಳದಿ ಬಣ್ಣದ ಡಬ್ಬ ಹಿಡಿದು ಹೊರಟರು. ಮರ, ಬಂಡೆ, ಗೋಡೆಗಳ ಮೇಲೆ ದಾರಿಯುದ್ದಕ್ಕೂ ಬಾಣದ ಗುರುತು ಬರೆದರು. ಈ ದಾರಿಯ ಮೇಲೆಯೇ ಡಾಕ್ಟರೇಟ್ ಪಡೆದ ವಿದ್ವಾಂಸರು ಅವರು. ಆದರೂ ಕುಂಚ ಹಿಡಿಯಲು ಹಿಂಜರಿಯಲಿಲ್ಲ. 1989ರಲ್ಲಿ ತೀರಿಕೊಂಡರು. 2024ರಲ್ಲಿ ಸುಮಾರು 5 ಲಕ್ಷ ಜನ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದರು.

ಕೆಲವು ವರ್ಷಗಳ ಹಿಂದೆ ಈ ದಾರಿಯಲ್ಲಿ ನಾನೂ ಹತ್ತು ದಿನ ನಡೆದೆ. ಬುರ್ಗೋಸ್ ದಾಟಿದ ಮೇಲೆ ಒಂದು ಸಂಜೆ ಜೋರು ಮಳೆ. ಸಿಕ್ಕ ಹಳ್ಳಿಯಲ್ಲಿ ಚರ್ಚಿಗೆ ಸೇರಿದ ಒಂದು ತಂಗುಮನೆ ಇತ್ತು. ಬಾಗಿಲು ತೆರೆದವರು ಮಾಸಿದ ಸ್ವೆಟರ್, ಅಡುಗೆಯ ಏಪ್ರನ್ ತೊಟ್ಟಿದ್ದರು. ಫಾದರ್ ಇದ್ದಾರೆಯೇ ಎಂದು ಕೇಳಿದೆ. “ಇದ್ದಾರೆ, ಆಲೂಗಡ್ಡೆ ಸುಲಿಯುತ್ತಿದ್ದಾರೆ” ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ ನನ್ನ ಕೈಗೂ ಒಂದು ಚಾಕು ಕೊಟ್ಟರು. ಅವರೇ ಫಾದರ್.

ಪಾದ್ರಿಯೆಂದರೆ ಬಿಳಿ ನಿಲುವಂಗಿ, ಗಂಭೀರ ಮುಖ, ಒಂದಿಷ್ಟು ಉಪದೇಶ ಎಂದುಕೊಂಡಿದ್ದ ನನಗೆ ಇವರು ಹೊಸಬರು. ಐದು ಹಳ್ಳಿಗಳ ಚರ್ಚು ಅವರೊಬ್ಬರ ಮೇಲೇ ಇತ್ತು. ನನ್ನ ಜಾತಿ ಧರ್ಮ ಕೇಳಲಿಲ್ಲ. ಮಾಂಸ ತಿನ್ನುತ್ತೀರಾ ಎಂದು ಮಾತ್ರ ಕೇಳಿದರು. ಇಲ್ಲವೆಂದಾಗ ಸಾಸೇಜ್ ಹಾಕುವ ಮೊದಲೇ ಬೇಳೆಯನ್ನು ಬೇರೆ ಪಾತ್ರೆಗೆ ತೆಗೆದಿಟ್ಟರು. ಊಟವಾದ ಮೇಲೆ ನಾನು ತಟ್ಟೆ ತೊಳೆದೆ, ಅವರು ಒರೆಸಿದರು. ಬೆಳಿಗ್ಗೆ ನೋಡಿದರೆ ನನ್ನ ಒದ್ದೆ ಬೂಟುಗಳೊಳಗೆ ಅವರ ದಿನಪತ್ರಿಕೆಯ ಹಾಳೆಗಳು. ನೀರನ್ನೆಲ್ಲ ಹೀರಿಕೊಂಡಿದ್ದವು.

ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ ಇತ್ತು, ಬೀಗವಿಲ್ಲದ್ದು. ಇದ್ದವರು ಹಾಕಬಹುದು, ಇಲ್ಲದವರು ತೆಗೆದುಕೊಳ್ಳಬಹುದು. ಕಳ್ಳತನ ಆಗುವುದಿಲ್ಲವೇ ಎಂದು ಕೇಳಿದೆ. ನನ್ನ ವೃತ್ತಿ ಕೇಳಿಸದೆ ಬಿಡುತ್ತದೆಯೇ! “ಆಗಬಹುದು. ಆದರೆ ಬೀಗ ಹಾಕಿದರೆ, ನಿಜವಾಗಿ ಬೇಕಾದವನು ನನ್ನ ಹತ್ತಿರ ಬಂದು ಕೀಲಿ ಕೇಳಬೇಕು. ಅವನು ಕೇಳುವುದಿಲ್ಲ” ಎಂದರು.

ಹಾಗೆಂದು ಅಲ್ಲಿ ದಾಖಲೆಯೇ ಇರಲಿಲ್ಲ ಎಂದುಕೊಳ್ಳಬೇಡಿ. ಪಾಸ್‌ಪೋರ್ಟ್ ನೋಡಿ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು, ಯಾತ್ರಿಕರ ಪುಸ್ತಕಕ್ಕೆ ಮುದ್ರೆ ಒತ್ತಿದರು. ಯಾರು ಬಂದರು ಎಂಬ ಲೆಕ್ಕ ಇತ್ತು. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂಬ ಲೆಕ್ಕ ಇರಲಿಲ್ಲ.

ಇದು ನಮಗೆ ಗೊತ್ತಿಲ್ಲದ ವಿಚಾರವೇನಲ್ಲ. ದಾರಿಹೋಕರಿಗೆಂದು ಮನೆಗೆ ಜಗಲಿ ಕಟ್ಟಿಸಿದವರ ಮೊಮ್ಮಕ್ಕಳು ನಾವು. ಸಿದ್ಧಗಂಗೆಯ ದಾಸೋಹದಲ್ಲಿ ಪಂಕ್ತಿಗೆ ಕೂತವರ ಆದಾಯ ಪತ್ರ ಯಾರೂ ಕೇಳುವುದಿಲ್ಲ. ಆದರೆ ಇಲ್ಲಿ ನಮ್ಮ ಮನೆಗಳಿಗೆ ಜಗಲಿ ಇಲ್ಲ. ಕೆಳಗೊಂದು ಕರೆಗಂಟೆ, ಅದರ ಮೇಲೆ ಹೆಸರು, ಅಷ್ಟೇ.

ನಮ್ಮಲ್ಲಿ ಕಷ್ಟಕ್ಕೆ ಸಿಕ್ಕಿದವರು ಯಾರೆಂದು ನಿಮಗೇ ಗೊತ್ತು. ಬಾಡಿಗೆ ಕೋಣೆಯೆಂದು ಮುಂಗಡ ಕಳುಹಿಸಿ ಮೋಸ ಹೋದ ವಿದ್ಯಾರ್ಥಿ. ಕೆಲಸ ಹೋಗಿ, ವೀಸಾದ ಗಡುವು ಎಣಿಸುತ್ತಿರುವ ಎಂಜಿನಿಯರ್. ಮನೆಯಲ್ಲಿ ಏಟು ತಿಂದು ಹೊರಬಂದ ಹೆಣ್ಣುಮಗಳು. ಇವರಿಗೆ ನಮ್ಮ ಸಂಘ ಮೊದಲು ಕೊಡುವುದು ಮೂರು ಪುಟದ ಅರ್ಜಿ. ಅದು ಸಮಿತಿಗೆ ಹೋಗಬೇಕು, ಸಮಿತಿ ಸೇರುವುದು ತಿಂಗಳಿಗೊಮ್ಮೆ. ಆ ರಾತ್ರಿ ಅವರು ಎಲ್ಲಿ ಮಲಗುತ್ತಾರೆ?

ಅರ್ಜಿ ಬೇಡ ಎಂದು ನಾನು ಹೇಳಲಾರೆ. ಸಂಘದ ನಿಧಿಯಿಂದ ಹಣ ಹೋದರೆ ಇಲ್ಲಿನ ತೆರಿಗೆ ಕಚೇರಿಗೆ ಅದರ ಲೆಕ್ಕ ಒಪ್ಪಿಸಲೇಬೇಕು; ಒಪ್ಪಿಸದಿದ್ದರೆ ಸೇವಾಸಂಸ್ಥೆ ಎಂಬ ಮಾನ್ಯತೆಗೇ ಅಪಾಯ. ಆದರೆ ನಿಮ್ಮ ಮನೆಯ ಸೋಫಾ ಸಂಘದ ನಿಧಿಯಲ್ಲ. ಒಂದು ಹಾಸಿಗೆ, ಒಂದು ತಟ್ಟೆ ಅನ್ನ ಸಾರು, ಇವುಗಳಿಗೆ ವೋಚರ್ ಬೇಕಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಊರಿನಲ್ಲೂ ‘ಮೊದಲ ರಾತ್ರಿ’ಗೆ ಮನೆ ಕೊಡುವವರ ಪಟ್ಟಿ ಮಾಡೋಣ. ಎರಡು ಮೂರು ಮನೆ ಸಾಕು. ಒಬ್ಬರ ಫೋನ್ ರಾತ್ರಿಯೂ ತೆಗೆದಿರಲಿ. ಬಂದವರ ಗುರುತಿನ ಚೀಟಿಯನ್ನು ಆ ಒಬ್ಬರು ಮಾತ್ರ ನೋಡಲಿ. ಅದು ಎರಡೂ ಕಡೆಯವರ ಸುರಕ್ಷತೆಗೆ. ಹೆಸರು ಸಮಿತಿಯ ನಡಾವಳಿಗೆ ಬರುವುದು ಬೇಡ, ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಕಾಗದಪತ್ರ ಮರುದಿನ ಬೆಳಿಗ್ಗೆ, ಕಾಫಿ ಕುಡಿದ ಮೇಲೆ.

ಪಟ್ಟಿಯ ಹಾಳೆ ಊಟದ ಹಾಲಿನ ಬಾಗಿಲ ಪಕ್ಕದ ಮೇಜಿನ ಮೇಲಿದೆ. ನನ್ನ ಮನೆಯ ವಿಳಾಸವನ್ನು ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಎರಡನೆಯ ಸಾಲು ಖಾಲಿ ಇದೆ.