ನೀರಿಗಿಳಿದ ಯಂತ್ರ
(ಮಠದ ಮಹೋತ್ಸವದ ಅಂಗವಾಗಿ ಜರುಗಿದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವಿದ್ಯಾಗೋಷ್ಠಿಯೆಂದಮೇಲೆ ವಿದ್ಯೆಯ ಮಹಿಮೆಯನ್ನು ಕೊಂಡಾಡುವದು ರೂಢಿ. ಆದರೆ ಮಠದ ಪ್ರಸಾದವನ್ನುಂಡು ಓದಿದವರೂ ಅಂಥವರ ತಂದೆತಾಯಿಗಳೂ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕುಳಿತಿರುವ ಈ ಸಭೆಗೆ ವಿದ್ಯೆಯ ಬೆಲೆಯನ್ನು ಹೇಳಿಕೊಡಬೇಕಾದ ಅವಶ್ಯಕತೆಯಿಲ್ಲ. ಆದಕಾರಣ ಇಂದಿನ ಉಪನ್ಯಾಸವು ಒಂದು ವೃತ್ತಾಂತಕ್ಕೆ ಮೀಸಲಾಗಿದೆ. ಅದು ನಡೆದದ್ದು ಕನ್ನಡ ನಾಡಿನಲ್ಲಲ್ಲ; ಅಮೇರಿಕೆಯ ಅರಿಜೋನಾ ರಾಜ್ಯದಲ್ಲಿ, 2004ನೆಯ ಇಸವಿಯಲ್ಲಿ. ಬಡವರ ಮಕ್ಕಳ ಕೈಗೆ ಕೆಲಸವನ್ನೂ ತಲೆಗೆ ಹೊಣೆಯನ್ನೂ ಕೊಟ್ಟರೆ ಏನಾಗುವದು, ಆ ಕೆಲಸವನ್ನು ಅವರು ಗೆಲ್ಲಿಸಿಕೊಟ್ಟಮೇಲೆ ಲೋಕವು ಅವರಿಗೆ ಏನನ್ನು ಕೊಡುವದು, ಏನನ್ನು ಕೊಡದೆ ಹೋಗುವದು ಎಂಬ ಎರಡು ಸಂಗತಿಗಳೂ ಅದರಲ್ಲಿ ಕೂಡಿವೆ.

ಅರಿಜೋನಾದ ರಾಜಧಾನಿಯಾದ ಫೀನಿಕ್ಸ್ ಮರುಭೂಮಿಯ ನಡುವಣ ಪಟ್ಟಣ. ಅದರ ಪಶ್ಚಿಮ ಭಾಗದಲ್ಲಿ ಕಾರ್ಲ್ ಹೇಡನ್ ಎಂಬ ಹೆಸರಿನ ಸರಕಾರೀ ಪ್ರೌಢಶಾಲೆಯಿದೆ. ಅಲ್ಲಿ ಓದಲು ಬರುವವರಲ್ಲಿ ಬಹುಮಂದಿ ಮೆಕ್ಸಿಕೋ ದೇಶದಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಕಾರರ ಮಕ್ಕಳು. ಮನೆಯಲ್ಲಿ ಸ್ಪಾನಿಶ್ ಭಾಷೆ, ಶಾಲೆಯಲ್ಲಿ ಇಂಗ್ಲಿಷ್. ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆಯಾದ ಕಷ್ಟವನ್ನು ಇಲ್ಲಿಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಈ ಶಾಲೆಯಲ್ಲಿ ಅಲನ್ ಕ್ಯಾಮೆರಾನ್ ಎಂಬವರು ಗಣಕಶಾಸ್ತ್ರವನ್ನೂ, ಫ್ರೆಡಿ ಲಾಜ್ವರ್ದಿ ಎಂಬವರು ಸಮುದ್ರವಿಜ್ಞಾನವನ್ನೂ ಕಲಿಸುತ್ತಿದ್ದರು. ಮರುಭೂಮಿಯಲ್ಲಿ ಸಮುದ್ರವಿಜ್ಞಾನವೆಂದರೆ ನಗು ಬರಬಹುದು. ಆ ಶಿಕ್ಷಕರಿಗೆ ಅದು ನಗುವ ವಿಷಯವಾಗಿರಲಿಲ್ಲ. ಕಡಲನ್ನು ಕಾಣದ ಮಕ್ಕಳಿಗೆ ಕಡಲಿನ ಕೆಲಸವನ್ನೇ ಹಚ್ಚಬೇಕೆಂದು ಅವರು ಮನಸ್ಸುಮಾಡಿದರು.

ಆಗ ಅಲ್ಲಿ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಯುತ್ತಿದ್ದಿತು. ಮನುಷ್ಯನು ದಡದ ಮೇಲೆ ಕುಳಿತು ನಡೆಸಬಹುದಾದ, ನೀರಿನ ಆಳದಲ್ಲಿ ಕೆಲಸಮಾಡುವ ರೋಬೋಟ್ ಒಂದನ್ನು ವಿದ್ಯಾರ್ಥಿಗಳು ತಾವೇ ಕಟ್ಟಿಕೊಂಡು ಬರಬೇಕು. ರೋಬೋಟ್ ಎಂದೊಡನೆ ಮನುಷ್ಯಾಕಾರದ ಲೋಹದ ಗೊಂಬೆಯು ಕಣ್ಣಮುಂದೆ ನಿಲ್ಲುವದು ಸಹಜ. ಇದಾದರೋ ಹಾಗಿಲ್ಲ. ಒಂದು ಚೌಕಟ್ಟು, ಅದಕ್ಕೆ ಬಿಗಿದ ಮೋಟಾರುಗಳು, ಕಣ್ಣಿನ ಬದಲು ಕ್ಯಾಮರಾ, ದಡದಿಂದ ಅಪ್ಪಣೆಯನ್ನು ಒಯ್ಯುವ ಉದ್ದವಾದ ಕೇಬಲ್, ಇಷ್ಟೇ ಇದರ ಆಕಾರ. ರೋಬೋಟ್ ಎಂಬ ಶಬ್ದವೂ ಹಳೆಯದಲ್ಲ. 1920ರಲ್ಲಿ ಕಾರೆಲ್ ಚಾಪೆಕ್ ಎಂಬ ಝೆಕ್ ನಾಟಕಕಾರನು ಅದನ್ನು ಬಳಕೆಗೆ ತಂದನು. ಅವನ ಭಾಷೆಯಲ್ಲಿ ಅದರ ಮೂಲಾರ್ಥವು ಒಡೆಯನಿಗೆ ಮಾಡಬೇಕಾದ ಬಿಟ್ಟಿಯ ಚಾಕರಿ. ಬಿಟ್ಟಿಗೂ ಕಾಯಕಕ್ಕೂ ಇರುವ ಅಂತರವನ್ನು ಬಲ್ಲ ಶರಣರ ಮಕ್ಕಳು ಈ ಶಬ್ದದ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಏಕೆಂದರೆ ಫೀನಿಕ್ಸಿನ ಹುಡುಗರು ಈ ಯಂತ್ರವನ್ನು ಕಟ್ಟಿದ್ದು ಯಾರ ಬಿಟ್ಟಿಗೂ ಅಲ್ಲ.

ಹುಡುಗರು ನಾಲ್ವರು. ಆಸ್ಕರ್ ವಾಸ್ಕೇಸ್ ಸೈನ್ಯದ ಶಿಸ್ತನ್ನು ಮೆಚ್ಚಿದವನು, ಸಿಪಾಯಿಯಾಗಬೇಕೆಂಬ ಹಂಬಲದವನು, ತಂಡದ ಮುಂದಾಳು. ಕ್ರಿಸ್ಟಿಯನ್ ಆರ್ಸೇಗಾ ತೀಕ್ಷ್ಣಬುದ್ಧಿಯವನು, ಲೆಕ್ಕಾಚಾರದಲ್ಲಿ ನಿಪುಣ. ಲೊರೆಂಜೊ ಸಾಂತಿಯಾನ್ ಪುಂಡರ ಸಹವಾಸದ ಅಂಚಿನವರೆಗೆ ಹೋಗಿ ಬಂದವನು. ಅವನ ಕೈಗೆ ಯಂತ್ರಗಳ ಮರ್ಮ ತಾನಾಗಿಯೇ ತಿಳಿಯುತ್ತಿದ್ದಿತು. ಲೂಯಿಸ್ ಅರಾಂಡಾ ಭೀಮಕಾಯದವನು, ಮಿತಭಾಷಿ. ಭಾರವಾದ ಆ ಯಂತ್ರವನ್ನು ನೀರಿಗೆ ಇಳಿಸುವವನೂ ಎತ್ತುವವನೂ ಅವನೇ. ನಾಲ್ವರೂ ಚಿಕ್ಕಂದಿನಲ್ಲಿ ಮೆಕ್ಸಿಕೋದಿಂದ ಬಂದವರು. ಅವರಲ್ಲಿ ಹೆಚ್ಚಿನವರಿಗೆ ಆ ದೇಶದಲ್ಲಿ ಇರಲು ಬೇಕಾದ ಕಾಗದಪತ್ರಗಳು ಇರಲಿಲ್ಲ. ಸಿಪಾಯಿಯಾಗಬೇಕೆಂದಿದ್ದ ಆಸ್ಕರನು ಇದೇ ಕಾರಣದಿಂದ ಸೈನ್ಯದ ಬಾಗಿಲಿನಿಂದ ಹಿಂದಿರುಗಬೇಕಾಗಿದ್ದಿತು.

ಈ ನಾಲ್ವರು ಕೂಡಿಸಿದ ಹಣ ಸುಮಾರು 800 ಡಾಲರು. ಆ ದೇಶದ ಲೆಕ್ಕದಲ್ಲಿ ಇದು ಕೈಖರ್ಚಿನ ಹಣವೇ ಹೊರತು ಯಂತ್ರ ಕಟ್ಟುವ ಹಣವಲ್ಲ. ಲೋಹದ ಚೌಕಟ್ಟನ್ನು ಕೊಳ್ಳುವ ಶಕ್ತಿಯಿಲ್ಲದ್ದರಿಂದ ಅವರು ನೀರಿನ ನಳಗಳಿಗೆ ಉಪಯೋಗಿಸುವ ಪಿ.ವಿ.ಸಿ. ಕೊಳವೆಗಳನ್ನು ತಂದರು. ಬಡತನದಿಂದ ಮಾಡಿದ ಈ ಆಯ್ಕೆಯಲ್ಲಿ ಬುದ್ಧಿಯ ಬೆಳಕೂ ಇದ್ದಿತು. ಕೊಳವೆಯೊಳಗಿನ ಗಾಳಿಯು ಯಂತ್ರವನ್ನು ತೇಲಿಸುವದು, ಅದೇ ಕೊಳವೆಯು ಒಳಗಿನ ತಂತಿಗಳನ್ನು ನೀರಿನಿಂದ ಕಾಪಾಡುವದು. ಒಂದೇ ವಸ್ತುವಿನಿಂದ ಎರಡು ಪ್ರಯೋಜನ. ಎಷ್ಟು ಗಾಳಿಯಿದ್ದರೆ ಎಷ್ಟು ಭಾರ ತೇಲುವದೆಂಬ ಲೆಕ್ಕವನ್ನು ಹುಡುಗರೇ ಹಾಕಿದರು. ಕೊಳವೆಗಳನ್ನು ಕೂಡಿಸುವ ಅಂಟು ಒಮ್ಮೆ ಹಿಡಿಯಿತೆಂದರೆ ಮತ್ತೆ ಬಿಡುವಂಥದ್ದಲ್ಲ. ಒಂದು ಸಂದು ಓರೆಯಾದರೆ ಕೊಳವೆಯನ್ನೇ ಕತ್ತರಿಸಿ ಬಿಸುಡಬೇಕು. ಆ ಅಂಟಿನ ದುರ್ಗಂಧವು ತಲೆ ತಿರುಗಿಸುವಷ್ಟಿದ್ದಿತು. ಅದರಿಂದಲೇ ಹುಡುಗರು ಯಂತ್ರಕ್ಕೆ 'ಸ್ಟಿಂಕಿ', ಎಂದರೆ ನಾರುವದು, ಎಂದು ಹೆಸರಿಟ್ಟರು.

ಬೇರೆ ತಂಡಗಳು ಸಾಮಾನ್ಯವಾಗಿ ಬ್ಯಾಟರಿಯನ್ನು ದಡದಲ್ಲಿಟ್ಟು ವಿದ್ಯುತ್ತನ್ನು ತಂತಿಯ ಮೂಲಕ ಕೆಳಗೆ ಕಳುಹಿಸುವ ಪದ್ಧತಿ. ಇದರಿಂದ ತಂತಿ ದಪ್ಪವಾಗಿ ಯಂತ್ರವನ್ನು ಎಳೆದು ನಿಲ್ಲಿಸುವದು. ಫೀನಿಕ್ಸಿನವರು ಬ್ಯಾಟರಿಯನ್ನು ನೀರು ಹೋಗದ ಪೆಟ್ಟಿಗೆಯಲ್ಲಿಟ್ಟು ಯಂತ್ರದ ಮೇಲೆಯೇ ಕೂಡಿಸಿದರು. ತಂತಿ ತೆಳ್ಳಗಾಯಿತು, ಯಂತ್ರ ಚುರುಕಾಯಿತು. ಆದರೆ ಪೆಟ್ಟಿಗೆಯೊಳಗೆ ನೀರು ಹೊಕ್ಕರೆ ಸರ್ವವೂ ಕೆಟ್ಟಂತೆ. ಈ ಗಂಡಾಂತರವನ್ನು ಅರಿತೇ ಅವರು ಅದನ್ನು ಆರಿಸಿಕೊಂಡಿದ್ದರು.

ಪಂದ್ಯದಲ್ಲಿ ಎರಡು ವರ್ಗಗಳಿದ್ದವು. ಪ್ರೌಢಶಾಲೆಯವರಿಗೆ ಸುಲಭವಾದದ್ದೊಂದು, ಕಾಲೇಜಿನವರು ಸೇರುವ ಕಠಿನವಾದದ್ದೊಂದು. ಶಿಕ್ಷಕರು ತಮ್ಮ ಹುಡುಗರನ್ನು ಕಠಿನ ವರ್ಗದಲ್ಲಿಯೇ ಸೇರಿಸಿದರು. ಅವರ ವಿಚಾರ ಸರಳವಾಗಿದ್ದಿತು: ಸಮಾನರಲ್ಲಿ ಸೋತರೆ ಅವಮಾನ, ದೊಡ್ಡವರಲ್ಲಿ ಸೋತರೆ ಅವಮಾನವಿಲ್ಲ. ಶಿಕ್ಷಕರು ಗೆಲುವನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲವೆಂಬುದು ಇದರಿಂದಲೇ ಗೊತ್ತಾಗುವದು. ಆ ವರ್ಗದಲ್ಲಿ 1861ರಲ್ಲಿ ಸ್ಥಾಪಿತವಾದ, ಲೋಕವಿಖ್ಯಾತವಾದ ಮ್ಯಾಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ತಂಡವೂ ಇದ್ದಿತು. ಎಂ.ಐ.ಟಿ. ಎಂಬ ಮೂರಕ್ಷರಗಳಿಂದ ಅದು ಎಲ್ಲರಿಗೂ ಪರಿಚಿತ. ಆ ತಂಡದ ಬೆನ್ನಿಗೆ ದೊಡ್ಡ ತೈಲ ಕಂಪನಿಯ ಧನಸಹಾಯವೂ ಇದ್ದಿತು.

2004ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದ ಸಾಂಟಾ ಬಾರ್ಬರಾ ನಗರದ ವಿಶ್ವವಿದ್ಯಾಲಯದಲ್ಲಿ ಪಂದ್ಯ ಕೂಡಿತು. ಈಜುಗೊಳದ ತಳದಲ್ಲಿ ಮುಳುಗಿದ ಜಲಾಂತರ್ಗಾಮಿ ಹಡಗಿನ ಮಾದರಿಯನ್ನು ಇಟ್ಟಿದ್ದರು. ಅದರ ಉದ್ದವನ್ನು ಅಳೆಯಬೇಕು, ಕಪ್ತಾನನ ಗಂಟೆಯನ್ನು ಎತ್ತಿ ತರಬೇಕು, ತಣ್ಣೀರಿನ ಬುಗ್ಗೆಯ ಉಷ್ಣತೆಯನ್ನು ನೋಡಬೇಕು, ಒಂದು ಪೀಪಾಯಿಯ ಸಣ್ಣ ರಂಧ್ರದೊಳಗಿಂದ ದ್ರವವನ್ನು ಹೀರಿ ತರಬೇಕು; ಇಂಥ ಹಲವು ಕಾರ್ಯಗಳಿಗೆ ಕೊಟ್ಟ ಕಾಲ ಅರ್ಧ ತಾಸು ಮಾತ್ರ.

ಅಭ್ಯಾಸಕ್ಕೆಂದು ಯಂತ್ರವನ್ನು ಮೊದಲ ಸಾರೆ ಕೊಳಕ್ಕೆ ಇಳಿಸಿದಾಗ, ಯಾವದನ್ನು ಅಂಜಿದ್ದರೋ ಅದೇ ಆಯಿತು. ಪೆಟ್ಟಿಗೆಯೊಳಗೆ ನೀರು ಜಿನುಗಿತು. ಕೂದಲೆಳೆಯಂಥ ತಂತಿಗಳ ಬೆಸುಗೆಯೂ ಕಳಚಿತು. ಮರುದಿನವೇ ಪಂದ್ಯ. ಹೊಸ ಪೆಟ್ಟಿಗೆಯನ್ನು ತರಲು ಹಣವೂ ಇಲ್ಲ, ಹೊತ್ತೂ ಇಲ್ಲ. ನೀರು ಬರುವದನ್ನು ನಿಲ್ಲಿಸಲಾಗದಿದ್ದರೆ ಬಂದ ನೀರನ್ನು ಹೀರುವ ಪದಾರ್ಥವನ್ನಾದರೂ ಒಳಗಿಡಬೇಕೆಂದು ಆಲೋಚನೆ ನಡೆಯಿತು. ಅಳತೆಯಲ್ಲಿ ಚಿಕ್ಕದಾಗಿ, ಹೀರುವದರಲ್ಲಿ ದೊಡ್ಡದಾಗಿರುವ ಪದಾರ್ಥವಾವದು? ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸುವ ಹತ್ತಿಯ ಸುರುಳಿ ಎಂಬ ಉತ್ತರ ಹೊರಟಿತು. ತರಲು ಹೊರಟವನು ಲೊರೆಂಜೊ. ಅಂಗಡಿಯಲ್ಲಿ ಬಗೆಬಗೆಯ ಡಬ್ಬಿಗಳನ್ನು ಕಂಡು ಕಂಗಾಲಾಗಿ, ನಾಚಿಕೆಯನ್ನು ನುಂಗಿಕೊಂಡು, ಅಪರಿಚಿತಳಾದ ಒಬ್ಬ ಹೆಂಗಸನ್ನು ಕರೆದು, ತಮ್ಮ ಯಂತ್ರಕ್ಕೆ ಇಂಥದೊಂದು ಬೇಕಾಗಿದೆ, ಯಾವದು ಒಳ್ಳೆಯದು ಎಂದು ಕೇಳಿದನು. ಆಕೆ ಆರಿಸಿಕೊಟ್ಟು, ಗೆದ್ದು ಬಾ ಎಂದು ಹರಸಿ ಕಳುಹಿಸಿದಳು.

ಈ ಸಂಗತಿಯನ್ನು ಸಭೆಯಲ್ಲಿ ಹೇಳಬಹುದೇ ಎಂದು ಕೆಲವರಿಗೆ ಅನಿಸೀತು. ಶರಣರು ಜನನ, ಮರಣ, ಜಾತಿ, ಎಂಜಲುಗಳ ಸೂತಕದೊಂದಿಗೆ ರಜಸ್ಸೂತಕವನ್ನೂ ಕಿತ್ತೊಗೆದವರು. ಪಂಚಸೂತಕವಿಲ್ಲದ ಧರ್ಮದ ಸಭೆಯಲ್ಲಿ ಹತ್ತಿಯ ಸುರುಳಿಗೆ ನಾಚುವದು ಯುಕ್ತವಲ್ಲ. ಬೇಕಾದ ಕಾಲಕ್ಕೆ ಬೇಕಾದ ವಸ್ತುವನ್ನು ನೆನೆದ ಬುದ್ಧಿಯೂ, ಅದನ್ನು ಕೇಳಿ ತರುವ ದೈನ್ಯವಿಲ್ಲದ ಸರಳತೆಯೂ ಆ ರಾತ್ರಿ ಯಂತ್ರವನ್ನು ಉಳಿಸಿದವು. ಇತ್ತ ಆಸ್ಕರ್, ಕ್ರಿಸ್ಟಿಯನ್ ಇಬ್ಬರೂ ವಸತಿಗೃಹದ ಕೋಣೆಯಲ್ಲಿ ನಿದ್ದೆಗೆಟ್ಟು ಒಂದೊಂದೇ ತಂತಿಯನ್ನು ಮರಳಿ ಬೆಸೆದರು.

ಮರುದಿನ ನೀರು ಒಳಗೆ ಬಂದರೂ ಸುರುಳಿಗಳು ಹೀರಿಕೊಂಡವು, ಯಂತ್ರ ನಡೆಯಿತು. ಪೀಪಾಯಿಯ ದ್ರವವನ್ನು ಹೀರುವ ಕಠಿನ ಕಾರ್ಯವೂ ಕೈಗೂಡಿತು. ಹಾಗೆಂದು ಕೊಳದ ಕಾರ್ಯದ ಅಂಕಗಳಲ್ಲಿ ಇವರು ಮೊದಲಿಗರೇನೂ ಆಗಲಿಲ್ಲ. ಇದನ್ನು ಮುಚ್ಚಿಡುವದು ಸರಿಯಲ್ಲ. ಯಂತ್ರ ಓಡಿದರೆ ಸಾಲದು, ಅದು ಏಕೆ ಓಡುವದೆಂಬುದನ್ನು ಕಟ್ಟಿದವರು ಬಲ್ಲರೇ ಎಂಬುದನ್ನು ಪರೀಕ್ಷಿಸಲು ಅಲ್ಲಿ ತಜ್ಞರ ಮಂಡಲಿಯೊಂದಿದ್ದಿತು. ಬರೆದ ವರದಿಗೂ ಅಂಕಗಳಿದ್ದವು. ಲೇಸರ್ ಬೆಳಕಿನಿಂದ ನೀರಿನಲ್ಲಿ ಉದ್ದವನ್ನು ಅಳೆದದ್ದು ಹೇಗೆಂದು ತಜ್ಞರು ಕೇಳಿದರು. ಬೆಳಕು ನೀರಿನಲ್ಲಿ ಗಾಳಿಯಲ್ಲಿ ಹೋಗುವದರ ಸುಮಾರು ಮುಕ್ಕಾಲು ವೇಗದಿಂದ ಮಾತ್ರ ಹೋಗುವದು. ಆದ್ದರಿಂದ ಗಾಳಿಗೆಂದು ಮಾಡಿದ ಉಪಕರಣ ನೀರಿನಲ್ಲಿ ದೂರವನ್ನು ಹೆಚ್ಚಾಗಿ ತೋರಿಸುವದು. ಈ ವಕ್ರೀಭವನದ ಲೆಕ್ಕವನ್ನು ಹಿಡಿದು ಅಳತೆಯನ್ನು ತಿದ್ದಿಕೊಂಡದ್ದನ್ನು ಕ್ರಿಸ್ಟಿಯನ್ ತಡವರಿಸದೆ ಹೇಳಿದನು. ಪರದೆಯ ಮೇಲೆ ಚಿತ್ರಗಳನ್ನು ಏಕೆ ತೋರಿಸುವದಿಲ್ಲವೆಂದು ಕೇಳಿದ್ದಕ್ಕೆ, ಹೇಳತಕ್ಕದ್ದು ಗೊತ್ತಿಲ್ಲದವರಿಗೆ ಅದು ಬೇಕು ಎಂಬ ಅಭಿಪ್ರಾಯದ ಉತ್ತರವನ್ನು ಕೊಟ್ಟನು. ಹುಡುಗನ ಬಾಯಿ ತುಸು ಮುಂದಾಯಿತೆನ್ನಬಹುದು. ಆದರೆ ಮಾತು ಸುಳ್ಳಾಗಿರಲಿಲ್ಲ.

ಬಹುಮಾನದ ಸಭೆಯಲ್ಲಿ ಮೊದಲು ತೀರ್ಪುಗಾರರ ವಿಶೇಷ ಬಹುಮಾನವೆಂದು ಇವರ ಹೆಸರನ್ನು ಕರೆದರು. ಸೋತವರಿಗೆ ಕೊಡುವ ಸಮಾಧಾನವಿದು ಎಂದುಕೊಂಡರು. ಬಳಿಕ ವಿನ್ಯಾಸದ ಬಹುಮಾನಕ್ಕೆ ಕರೆದರು. ಬಳಿಕ ತಾಂತ್ರಿಕ ಬರವಣಿಗೆಯ ಬಹುಮಾನಕ್ಕೆ. ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳಿಗೆ ಇಂಗ್ಲಿಷ್ ಬರವಣಿಗೆಯ ಬಹುಮಾನ! ಕೊನೆಗೆ ಒಟ್ಟು ಪಂದ್ಯದ ಫಲವನ್ನು ಸಾರಿದರು: ದ್ವಿತೀಯ ಸ್ಥಾನ ಎಂ.ಐ.ಟಿ.ಗೆ, ಪ್ರಥಮ ಸ್ಥಾನ ಕಾರ್ಲ್ ಹೇಡನ್ ಪ್ರೌಢಶಾಲೆಗೆ.

ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನನ್ನೂ ಕಲ್ಯಾಣದ ಅನುಭವಮಂಟಪದಲ್ಲಿ ಕುಲ ಕೇಳದೆ ಕೂಡಿಸಿದ ಪರಂಪರೆಯವರಿಗೆ ಈ ಫಲ ಆಶ್ಚರ್ಯದ್ದಲ್ಲ. ಮಂಟಪದ ಹೊರಗಿನ ಲೋಕ ಮಾತ್ರ ಕುಲವನ್ನು ಕೇಳುತ್ತಲೇ ಇದ್ದಿತು. ಫೀನಿಕ್ಸಿನಲ್ಲಿಯೂ ಹಾಗೆಯೇ ಆಯಿತು. ಕುಲದ ಬದಲು ಕಾಗದವನ್ನು ಕೇಳಿದರು. 2005ರಲ್ಲಿ ಜೋಶುವಾ ಡೇವಿಸ್ ಎಂಬ ಲೇಖಕನು ಈ ವೃತ್ತಾಂತವನ್ನು ಪತ್ರಿಕೆಯಲ್ಲಿ ಬರೆದಾಗ ಓದಿದವರು ಹುಡುಗರ ವಿದ್ಯಾಭ್ಯಾಸಕ್ಕೆಂದು ಹಣ ಕಳುಹಿಸಿದರು. ಆದರೆ 2006ರ ನವೆಂಬರದಲ್ಲಿ ಅರಿಜೋನಾದ ಮತದಾರರು, ಕಾಗದಪತ್ರವಿಲ್ಲದ ವಿದ್ಯಾರ್ಥಿಗಳು ಹೊರರಾಜ್ಯದವರ ಹೆಚ್ಚಿನ ಶುಲ್ಕವನ್ನೇ ತೆರಬೇಕು, ಅವರಿಗೆ ಸರಕಾರದ ಸಹಾಯ ಸಲ್ಲದು ಎಂಬ ಕಾನೂನಿಗೆ ಸಮ್ಮತಿಯಿತ್ತರು. ಬೆಳಕಿನ ವೇಗವನ್ನು ವಿವರಿಸಿ ಹೇಳಿದ ಕ್ರಿಸ್ಟಿಯನ್ ಆ ಶುಲ್ಕವನ್ನು ತೆರಲಾರದೆ ವಿಶ್ವವಿದ್ಯಾಲಯವನ್ನು ಬಿಟ್ಟನು. ಬಿಟ್ಟದ್ದರಿಂದ ನಷ್ಟವಾದದ್ದು ಅವನೊಬ್ಬನಿಗೆ ಮಾತ್ರವಲ್ಲ.

ಆಸ್ಕರನು ಹೇಗೋ ಓದಿ 2009ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದಿಂದ ಯಂತ್ರಶಾಸ್ತ್ರದ ಪದವಿಯನ್ನು ಪಡೆದನು. ಕದ್ದು ಬಾಳುವದು ಬೇಡವೆಂದು ತಾನಾಗಿಯೇ ಮೆಕ್ಸಿಕೋಗೆ ಹಿಂದಿರುಗಿ, ನ್ಯಾಯವಾದ ಮಾರ್ಗದಿಂದ ಮರಳಿ ಬರಲು ಅಪ್ಪಣೆ ಬೇಡಿದನು. ಹತ್ತು ವರ್ಷ ಬರಕೂಡದೆಂದು ಉತ್ತರ ಬಂದಿತು. ಹೆಂಡತಿಯನ್ನೂ ಎಳೆಯ ಮಗಳನ್ನೂ ಅಗಲಿ ಅಲ್ಲಿ ಮೋಟಾರು ಬಿಡಿಭಾಗಗಳ ಕಾರಖಾನೆಯಲ್ಲಿ ದುಡಿದನು. ಡಿಕ್ ಡರ್ಬಿನ್ ಎಂಬ ಸೆನೆಟ್ ಸದಸ್ಯರು ಅವನ ಪರವಾಗಿ ಮಾತನಾಡಿದಮೇಲೆ 2010ರಲ್ಲಿ ನಿಷೇಧ ಸಡಿಲಿತು. ಹಿಂದಿರುಗಿ ಬಂದವನೇ, ಮೊದಲು ಯಾವ ಬಾಗಿಲು ಮುಚ್ಚಿದ್ದಿತೋ ಅದೇ ಸೈನ್ಯವನ್ನು ಸೇರಿ ಅಫಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದನು.

ಲೊರೆಂಜೊ, ಲೂಯಿಸ್ ಇಬ್ಬರೂ ಪಾಕಶಾಸ್ತ್ರವನ್ನು ಕಲಿತು, ಮದುವೆ ಮುಂಜಿಗಳಂಥ ಸಮಾರಂಭಗಳಿಗೆ ಅಡಿಗೆ ಮಾಡಿಕೊಡುವ ಉದ್ಯೋಗವನ್ನು ಕೂಡಿ ಕಟ್ಟಿದರು. ಅದಕ್ಕೆ ಅವರಿಟ್ಟ ಸ್ಪಾನಿಶ್ ಹೆಸರಿನ ಅರ್ಥ, ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ.