ಮಳೆಯ ಮರುದಿನ ಸೈಕಲ್ ಸವಾರಿ



ಶಿರಸಿ ತಾಲ್ಲೂಕಿನ ಮತ್ತಿಘಟ್ಟದ ಕಡೆ ರಾತ್ರಿಯಿಡೀ ಮಳೆ ಹೊಯ್ದು ಬೆಳಿಗ್ಗೆ ಹೊಳವಾದರೆ, ಗೇರ್ ಸೈಕಲ್ ಇದ್ದವರಿಗೆ ಮನೆಯಲ್ಲಿ ಕೂರಲು ಮನಸ್ಸಾಗದು. ಡಾಂಬರು ರಸ್ತೆಯಲ್ಲಿ ಹೋಗಿಬನ್ನಿ. ಬೆಟ್ಟದ ಕಾಲುದಾರಿಗೆ ಇಳಿಯುವ ಮೊದಲು ಮಾತ್ರ ಸ್ವಲ್ಪ ನಿಲ್ಲಿ.

ಜೇಡಿಮಣ್ಣಿನ ಕಣಗಳು ಬಹು ಸಣ್ಣವು, ಚಪ್ಪಟೆಯವು. ನಡುವೆ ನೀರು ಸೇರಿದರೆ ಒಂದರ ಮೇಲೊಂದು ಸರಿಯುತ್ತವೆ. ಟೈರಿನ ಗೀರುಗಳಿಗೆ ಅದೇ ಕೆಸರು ಮೆತ್ತಿಕೊಂಡಾಗ ಹೊಸ ಟೈರೂ ಸವೆದ ಟೈರಿನಂತೆಯೇ. ಹಾವಸೆ ಕಟ್ಟಿದ ಚಿರೆಕಲ್ಲು, ಬಿದ್ದ ಅಡಕೆ ಹಾಳೆ ಇನ್ನೂ ಮೋಸ. ಕ್ಯಾಮೆರಾ ಹೊತ್ತು ಇಂಥಲ್ಲಿ ಜಾರಿದವನು ನಾನು! ಅಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬೇಡಿ. ಇಳಿದು ತಳ್ಳಿಕೊಂಡು ಹೋಗಿ. ಉಂಬಳ ಹತ್ತಿದರೆ ಹತ್ತಲಿ.

ನಿಮ್ಮ ಮೊಣಕಾಲಿನ ಗಾಯ ವಾರದಲ್ಲಿ ಮಾಯುತ್ತದೆ. ದಾರಿಗಾದ ಗಾಯ ಮಳೆಗಾಲವಿಡೀ ಬೆಳೆಯುತ್ತದೆ. ನೆನೆದ ಮಣ್ಣಿನಲ್ಲಿ ಚಕ್ರ ಕೊರೆದ ಗೆರೆಯೇ ಮುಂದಿನ ಮಳೆಗೆ ಕಾಲುವೆ. ನೀರು ಅದರಲ್ಲೇ ರಭಸದಿಂದ ಹರಿದು ಕೊರಕಲು ಮಾಡುತ್ತದೆ. ಸೊಪ್ಪಿನ ಹೊರೆ ಹೊತ್ತವರು ಅದನ್ನೇ ದಾಟಬೇಕು. ಕೆಸರು ತಪ್ಪಿಸಲು ಪಕ್ಕಕ್ಕೆ ಹೊರಳಿದರೆ ಅಂಚಿನ ಗಿಡಗಳು ಸತ್ತು, ಮಣ್ಣು ಹಿಡಿಯುವ ಬೇರೂ ಹೋಗುತ್ತದೆ. ಹಿಮ್ಮಡಿ ಊರಿ ನೋಡಿ: ಗುಳಿ ಬಿದ್ದು ನೀರು ಒಸರಿದರೆ ಆ ದಾರಿ ಒಣಗುವವರೆಗೆ ಕಾಯಿರಿ.

2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆಗಳು ಕೊಚ್ಚಿಹೋದವು. ಅದು ಸೈಕಲ್ಲಿನಿಂದ ಆದದ್ದಲ್ಲ, ನಿಜ. ಆದರೆ ನೀರು ಕುಡಿದ ಇಳಿಜಾರು ಎಷ್ಟು ಸಡಿಲವೆಂದು ಅಲ್ಲಿ ಕಂಡಿತು. ದಾರಿಯಲ್ಲಿ ಹೊಸ ಬಿರುಕು, ವಾಲಿದ ಮರ, ಕೆಂಪು ನೀರಿನ ಒರತೆ ಕಂಡರೆ ಕೂಡಲೇ ಹಿಂದಿರುಗಿ, ಕೆಳಗಿನ ಮನೆಯವರಿಗೆ ತಿಳಿಸಿ.