ಕಡಲಿಗಿಳಿಯುವ ಮುನ್ನ ದಡದಲ್ಲಿ ಬರೆದಿಟ್ಟದ್ದು

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಕ್ಕಳು ನೆಲೆಸಿರುವ ಊರಿಗೆ ಹೋದಾಗ ನೀವು ಕಂಡ ಒಂದು ಹೊಸ ವಿಷಯದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಯವರು ಹೇಳಿದರು. ಅಮೆರಿಕದ ಮಾಲ್, ಹೈವೇ, ದೇವಸ್ಥಾನಗಳನ್ನು ನೀವೆಲ್ಲ ನೋಡಿದವರೇ. ಹಾಗಾಗಿ ನಾನು ಮೀನು ಹಿಡಿಯುವ ವಿಷಯ ಆರಿಸಿಕೊಂಡೆ. ಮುಂಬಯಿ ಕನ್ನಡಿಗರಲ್ಲಿ ನಮ್ಮ ಕರಾವಳಿಯವರು ಬಹಳ, ಮೀನು ಎಂದರೆ ಎಲ್ಲರ ಕಿವಿಯೂ ಚುರುಕಾಗುತ್ತದೆ. ಮೀನು ತಿನ್ನದವರೂ ದಯವಿಟ್ಟು ಕುಳಿತು ಕೇಳಿ. ಇದು ಅಡುಗೆಯ ಮಾತಿಗಿಂತ ಹೆಚ್ಚಾಗಿ ತಯಾರಿಯ ಮಾತು.

ನನ್ನ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಮಾಂಟೆರೆ ಎಂಬ ಕಡಲೂರು. ಅವಳು ಮತ್ತು ಅವಳ ಇಬ್ಬರು ಗೆಳತಿಯರು ಅಲ್ಲಿ ಕಯಾಕ್‌ನಲ್ಲಿ ಕುಳಿತು ಗಾಳ ಹಾಕಲು ಹೋಗುತ್ತಾರೆ. ಕಯಾಕ್ ಎಂದರೆ ಒಬ್ಬರು ಕೂರುವ ಉದ್ದನೆಯ ಸಣ್ಣ ದೋಣಿ. ಕೈಯಲ್ಲಿ ಎರಡೂ ತುದಿಗೆ ಹಲಗೆಯಿರುವ ಹುಟ್ಟು. ಎಂಜಿನ್ ಇಲ್ಲ, ನೆರಳಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಕೇಳಿದಾಗ ನಿಮಗೇನನ್ನಿಸಿತೋ ನನಗೂ ಅದೇ ಅನ್ನಿಸಿತು: ಈ ಹುಡುಗಿಯರಿಗೆ ಬೇರೆ ಕೆಲಸವಿಲ್ಲವೇ?

ಆ ಕಡಲಿನ ವಿಶೇಷವೆಂದರೆ ಕೆಲ್ಪ್. ಕಂದು ಬಣ್ಣದ ದೈತ್ಯ ಕಡಲಪಾಚಿ. ನಮ್ಮ ಕರಾವಳಿಯಲ್ಲಿ ಕೆಲ್ಪ್ ಕಾಡಿಲ್ಲ, ಅದಕ್ಕೆ ತಣ್ಣನೆಯ ನೀರು ಬೇಕು. ಅಲ್ಲಿ ತಳದಿಂದ ಮೇಲೇಳುವ ತಂಪು ನೀರು ತನ್ನೊಡನೆ ಪೋಷಕಾಂಶಗಳನ್ನು ತರುತ್ತದೆ. ಕೆಲ್ಪ್ ತಳದ ಬಂಡೆಯನ್ನು ಬೇರಿನಂಥ ಹಿಡಿಯಿಂದ ಕಚ್ಚಿಕೊಂಡು, ಎಲೆಯ ಬುಡದಲ್ಲಿರುವ ಗಾಳಿ ತುಂಬಿದ ಗುಳ್ಳೆಗಳ ಬಲದಿಂದ ನೆಟ್ಟಗೆ ಮೇಲೇರುತ್ತದೆ. ಹದವಾದ ನೀರಿನಲ್ಲಿ ಒಂದೇ ದಿನಕ್ಕೆ ಒಂದಡಿಗಿಂತ ಹೆಚ್ಚು ಬೆಳೆಯುವುದುಂಟು. ಮೇಲೆ ಬಂದ ಮೇಲೆ ಚಾಪೆಯಂತೆ ಹರಡಿಕೊಳ್ಳುತ್ತದೆ. ಕೆಳಗೆ ಮೀನಿಗೆ ಅದೇ ಮನೆ, ಅದೇ ಮರೆ.

ಕಯಾಕ್‌ನವರಿಗೆ ಈ ಕಾಡು ನೆಂಟನೂ ಹೌದು, ತೊಡಕೂ ಹೌದು. ಅಲೆಯ ರಭಸವನ್ನು ಅದು ತಗ್ಗಿಸುತ್ತದೆ. ಕೆಲ್ಪ್‌ನ ಎರಡು ಎಳೆಗಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡರೆ ಸಾಕು, ಲಂಗರು ಬೇಡ. ಆದರೆ ಚುಕ್ಕಾಣಿ, ಗಾಳದ ದಾರ, ನೇತಾಡುವ ಹಗ್ಗ ಎಲ್ಲವೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಮಗುಚಿ ಬಿದ್ದವರ ಕೈಕಾಲಿಗೂ ಸುತ್ತಿಕೊಳ್ಳಬಹುದು. ಅದಕ್ಕೇ ಎದೆಯ ಮೇಲೆ, ಒಂದೇ ಕೈಯಲ್ಲಿ ತೆಗೆಯುವಂತೆ, ಒಂದು ಚಾಕು.

ಈಗ ತಯಾರಿಗೆ ಬರುತ್ತೇನೆ. ತಯಾರಿ ಎಂದರೆ ಸಾಮಾನು ಕಟ್ಟುವುದು ಎಂದು ನಾನು ತಿಳಿದಿದ್ದೆ. ಮಗಳು ಮಾಡಿದ್ದು ಬೇರೆ. ಹೊರಡುವ ನಾಲ್ಕು ದಿನ ಮೊದಲೇ ಊಟದ ಮೇಜಿನ ಮೇಲೆ ಕಾಗದ ಇಟ್ಟುಕೊಂಡು, ಯಾವಾಗ ಹೋಗಬಾರದು ಎಂಬುದನ್ನು ಮೊದಲು ಬರೆದಳು. ಗಾಳಿ 10 ನಾಟ್ ಮೀರಿದರೆ ಇಲ್ಲ. ಅಲೆಯ ಎತ್ತರ 4 ಅಡಿ ಮೀರಿದರೆ ಇಲ್ಲ. ಮೂವರಲ್ಲಿ ಒಬ್ಬಳಿಗೆ ಮನಸ್ಸಿಲ್ಲದಿದ್ದರೂ ಇಲ್ಲ, ಕಾರಣ ಕೇಳುವಂತಿಲ್ಲ. ಇವು ಸರ್ಕಾರದ ನಿಯಮಗಳಲ್ಲ, ಆ ಮೂವರು ತಮ್ಮ ಅನುಭವ ನೋಡಿಕೊಂಡು ಹಾಕಿಕೊಂಡ ಗೆರೆಗಳು.

ಆ ಕರಾವಳಿಯಲ್ಲಿ ಬೆಳಿಗ್ಗೆ ಕಡಲು ಶಾಂತವಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಏಳುತ್ತದೆ. ಆದ್ದರಿಂದ ನಸುಕಿಗೆ ಇಳಿದು ಮಧ್ಯಾಹ್ನದೊಳಗೆ ದಡ ಸೇರಬೇಕು. ನೀರು ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಸೆಲ್ಸಿಯಸ್. ನಮ್ಮ ಅರಬ್ಬಿ ಸಮುದ್ರದಲ್ಲಿ ಮಿಂದವರಿಗೆ ಆ ಚಳಿ ಊಹಿಸುವುದೂ ಕಷ್ಟ. ಅಂಥ ನೀರಿಗೆ ಬಿದ್ದ ತಕ್ಷಣ ಏದುಸಿರು ಬರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಬೆರಳುಗಳು ಮಾತು ಕೇಳುವುದಿಲ್ಲ. ಹೀಗಾಗಿ ಬಟ್ಟೆ ಹಾಕುವುದು ಬಿಸಿಲು ನೋಡಿ ಅಲ್ಲ, ನೀರು ನೋಡಿ. ದಪ್ಪ ವೆಟ್‌ಸೂಟ್, ಅದರ ಮೇಲೆ ಲೈಫ್ ಜಾಕೆಟ್. ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಜೊತೆಗೆ ಸೀಟಿ, ದಿಕ್ಸೂಚಿ, ನೀರು ತಾಗದ ವಿಎಚ್‌ಎಫ್ ರೇಡಿಯೊ. ಅದರ 16ನೇ ಚಾನೆಲ್ ಆಪತ್ತಿನ ಕರೆಗೆ. ಮಗುಚಿದ ಕಯಾಕ್‌ಗೆ ಮತ್ತೆ ಹತ್ತುವುದನ್ನು ದಡದ ಹತ್ತಿರ ಮೊದಲೇ ಹಲವು ಬಾರಿ ಕಲಿತಿರಬೇಕು.

ಮುಂದಿನದು ನಕ್ಷೆ. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಕು. ಜೊತೆಗೆ ಕಡಲಲ್ಲೇ ಕಣ್ಣಿಗೆ ಕಾಣದ ಬೇಲಿಗಳಿವೆ. ರಾಜ್ಯದ ಕರಾವಳಿಯುದ್ದಕ್ಕೂ ಇರುವ 124 ಸಂರಕ್ಷಿತ ಪ್ರದೇಶಗಳ ಜಾಲ 2012ರಲ್ಲಿ ಪೂರ್ಣಗೊಂಡಿತು. ಹುಡುಗಿಯರು ಇಳಿಯುವ ಸ್ಯಾನ್ ಕಾರ್ಲೋಸ್ ಬೀಚಿನ ಎದುರಿನ ನೀರಿನಲ್ಲಿ ಗಾಳ ಹಾಕಿ ಮೀನು ಹಿಡಿಯಬಹುದು. ಪಶ್ಚಿಮಕ್ಕೆ ಸ್ವಲ್ಪ ಹೋದರೆ ಲವರ್ಸ್ ಪಾಯಿಂಟ್–ಜೂಲಿಯಾ ಪ್ಲಾಟ್ ಮೀಸಲು ಪ್ರದೇಶ, ಅಲ್ಲಿ ಏನನ್ನೂ ಹಿಡಿಯುವಂತಿಲ್ಲ. ನೀರಿನ ಬಣ್ಣ ಒಂದೇ, ಕೆಲ್ಪ್ ಒಂದೇ, ನಿಯಮ ಬೇರೆ. ನಿಯಮಗಳು ಬದಲಾಗುತ್ತಲೂ ಇರುತ್ತವೆ. ಹಾಗಾಗಿ ಪ್ರತಿ ಸಲ ಹೊಸದಾಗಿ ನೋಡಿ, ಎಲ್ಲಿ ತಿರುಗಬೇಕೋ ಅಲ್ಲಿಗೆ ಕೆಂಪು ಗೆರೆ ಹಾಕುತ್ತಾರೆ.

ಈ ಜೂಲಿಯಾ ಪ್ಲಾಟ್ ಯಾರೆಂದು ನಮ್ಮ ವಿಭಾಗದ ಸಭೆಯಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. 1857ರಲ್ಲಿ ಹುಟ್ಟಿದ ಪ್ರಾಣಿಶಾಸ್ತ್ರಜ್ಞೆ. ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದ ಮೊದಲ ಕೆಲವು ಮಹಿಳೆಯರಲ್ಲಿ ಒಬ್ಬರು. ಅಷ್ಟು ಓದಿದರೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅವರಿಗೆ ಕಾಯಂ ಕೆಲಸ ಸಿಗಲಿಲ್ಲ. ಮಾಂಟೆರೆಯ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಊರಿನಲ್ಲಿ ನೆಲೆಸಿ ಊರ ಕೆಲಸಕ್ಕಿಳಿದರು. 1931ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಊರಿನ ಮೇಯರ್ ಆದರು. ಆಗ ಆ ಕೊಲ್ಲಿಯ ದಡದಲ್ಲಿ ಸಾರ್ಡೀನ್ ಡಬ್ಬಿ ಕಾರ್ಖಾನೆಗಳ ಭರಾಟೆ. ಅದರ ನಡುವೆ ಊರಿನ ಎದುರಿನ ಕಡಲ ಒಂದು ತುಂಡನ್ನು ಯಾರೂ ಮುಟ್ಟದಂತೆ ಕಾಯ್ದಿರಿಸಿದರು. 1935ರಲ್ಲಿ ತೀರಿಕೊಂಡರು.

ತುಪ್ಪಳಕ್ಕಾಗಿ ಬೇಟೆಯಾಡಿ ಮುಗಿದೇ ಹೋಯಿತೆಂದುಕೊಂಡಿದ್ದ ಕಡಲ ನೀರುನಾಯಿಗಳ ಸಣ್ಣ ಗುಂಪು ದಕ್ಷಿಣದ ಬಿಗ್ ಸರ್ ಕರಾವಳಿಯಲ್ಲಿ ಜನರ ಕಣ್ಣಿಗೆ ಬಿದ್ದದ್ದು 1938ರಲ್ಲಿ, ಅವರು ಹೋದ ಮೂರು ವರ್ಷಕ್ಕೆ. ಕೆಲ್ಪ್ ಬುಡವನ್ನು ಕಡಿದು ತಿನ್ನುವ ಸೀ ಅರ್ಚಿನ್ ಎಂಬ ಮುಳ್ಳುಪ್ರಾಣಿಯೇ ನೀರುನಾಯಿಯ ಮೆಚ್ಚಿನ ಊಟ. ಮುಂದೆ ನೀರುನಾಯಿಗಳು ಮಾಂಟೆರೆಗೂ ಮರಳಿದವು, ಕೆಲ್ಪ್ ಚೇತರಿಸಿಕೊಂಡಿತು. ಪ್ಲಾಟ್ ಇದನ್ನು ನೋಡಲಿಲ್ಲ. ತಾನು ನೋಡದ ಕಾಲಕ್ಕೆ ತಯಾರಿ ಮಾಡಿಟ್ಟುಹೋದರು.

ಮೀನಿನ ಲೆಕ್ಕವೂ ಮೊದಲೇ. ಕೆಲ್ಪ್‌ನಲ್ಲಿ ಸಿಗುವುದು ಮುಖ್ಯವಾಗಿ ರಾಕ್‌ಫಿಶ್ ಮತ್ತು ಲಿಂಗ್‌ಕಾಡ್. ರಾಕ್‌ಫಿಶ್ ನಿಧಾನವಾಗಿ ಬೆಳೆಯುತ್ತದೆ, ಅದರ ಕೆಲವು ಜಾತಿಗಳು ನೂರು ವರ್ಷ ದಾಟಿ ಬದುಕುತ್ತವೆ. ಮೊಟ್ಟೆಯಿಡದೆ ಮರಿ ಹಾಕುವ ಮೀನು. ವಯಸ್ಸಾದ ದೊಡ್ಡ ತಾಯಿ ಮೀನು ಚಿಕ್ಕದಕ್ಕಿಂತ ಎಷ್ಟೋ ಪಾಲು ಹೆಚ್ಚು ಮರಿ ಹಾಕುತ್ತದೆ. ಅತಿಯಾಗಿ ಹಿಡಿದ ಪರಿಣಾಮ 2000ದ ಸುಮಾರಿಗೆ ಹಲವು ಜಾತಿಗಳು ಬಹಳ ಕುಗ್ಗಿದವು. ಕಟ್ಟುನಿಟ್ಟಿನ ಮಿತಿಗಳಿಂದಾಗಿ ಹೆಚ್ಚಿನವು ಮತ್ತೆ ಚೇತರಿಸಿಕೊಂಡಿವೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಂತೆಯೇ ಅಲ್ಲೂ ಬಂದ್ ತಿಂಗಳುಗಳಿವೆ. ನಾರಳಿ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವ ಕೋಲಿ ಜನರನ್ನು ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವರು ಹುಡುಗಿಯರು ತಮಗೇ ಹಾಕಿಕೊಂಡ ಮಿತಿ ತಲೆಗೆ ಎರಡು ಮೀನು.

ಕೊನೆಯ ಕಾಗದ ನನ್ನ ಕೈಗೆ ಬಂತು. ಅದಕ್ಕೆ ಫ್ಲೋಟ್ ಪ್ಲಾನ್ ಎನ್ನುತ್ತಾರೆ. ಮೂವರ ಹೆಸರು, ಕಯಾಕ್‌ಗಳ ಬಣ್ಣ, ಜಾಕೆಟ್‌ಗಳ ಬಣ್ಣ, ಇಳಿಯುವ ಜಾಗ, ಹೋಗುವ ದಾರಿ, ಕಾರು ನಿಲ್ಲಿಸುವ ಜಾಗ, ಮರಳುವ ಹೊತ್ತು 11.30. ಕೆಳಗೆ ದಪ್ಪ ಅಕ್ಷರದಲ್ಲಿ: “12ಕ್ಕೆ ಬಾರದಿದ್ದರೆ 911ಕ್ಕೆ ಫೋನ್ ಮಾಡಿ ಈ ಕಾಗದ ಓದಿ ಹೇಳು.”

ಮೊದಲ ಶನಿವಾರ ಅಲೆ 6 ಅಡಿ ಎಂದು ಮುನ್ಸೂಚನೆ ಬಂತು. ನಾನು ಕಟ್ಟಿಟ್ಟಿದ್ದ ಇಡ್ಲಿಯನ್ನು ಮನೆಯಲ್ಲೇ ತಿಂದೆವು. ಯಾರೂ ಮುಖ ಸಣ್ಣದು ಮಾಡಲಿಲ್ಲ. ಮುಂದಿನ ಶನಿವಾರ ಕಡಲು ಹಾಲಿನಂತಿತ್ತು, ಹೋದರು. ನಾನು ದಡದಲ್ಲಿ ಫ್ಲಾಸ್ಕ್ ಹಿಡಿದು ಕೂತಿದ್ದೆ. ಹನ್ನೊಂದರ ಸುಮಾರಿಗೆ ಮಂಜು ಇಳಿದು ಕಡಲೇ ಕಾಣದಾಯಿತು. 11.30 ಆಯಿತು, 11.40 ಆಯಿತು.

ಸಹೋದರಿಯರೇ, ಆಗ ಮನಸ್ಸಿನಲ್ಲಿ ಏನೇನು ಬರುತ್ತದೆಂದು ನಿಮಗೆ ಗೊತ್ತು. ಈಗಲೇ ಫೋನ್ ಮಾಡಲೇ, ಸುಮ್ಮನೆ ಗಾಬರಿಯಾಗುತ್ತಿದ್ದೇನೆಯೇ, ಪರದೇಶದಲ್ಲಿ ನನ್ನ ಇಂಗ್ಲಿಷ್ ಕೇಳಿ ಏನೆಂದುಕೊಳ್ಳುತ್ತಾರೋ, ಆಮೇಲೆ ಮಗಳೇ “ಅಮ್ಮಾ, ಯಾಕೆ ರಂಪ ಮಾಡಿದೆ” ಎಂದರೆ? ಆದರೆ ಈ ಯಾವ ಪ್ರಶ್ನೆಗೂ ನಾನು ಉತ್ತರ ಹುಡುಕಬೇಕಾಗಿರಲಿಲ್ಲ. ಕಾಗದದಲ್ಲಿ 12 ಎಂದಿತ್ತು. ಒಂದು ನಿಮಿಷ ಮೊದಲು ಬೇಡ, ಒಂದು ನಿಮಿಷ ತಡವೂ ಬೇಡ. ನಾನು ಕಾಗದ ಬಿಡಿಸಿ, ಏನು ಓದಬೇಕೋ ಅದನ್ನು ಎರಡು ಸಲ ಓದಿಕೊಂಡೆ. 11.50ಕ್ಕೆ ಮಂಜಿನೊಳಗಿಂದ ಸೀಟಿ ಕೇಳಿಸಿತು. ದಿಕ್ಸೂಚಿ ನೋಡಿಕೊಂಡು, ಕೆಲ್ಪ್‌ನ ಅಂಚು ಹಿಡಿದು ನಿಧಾನವಾಗಿ ಬಂದಿದ್ದರು. ತಂದದ್ದು ನಾಲ್ಕೇ ರಾಕ್‌ಫಿಶ್. ಒಂದು ಲಿಂಗ್‌ಕಾಡ್ ಅಳತೆಗೆ 22 ಇಂಚು ಇಲ್ಲವೆಂದು ಮರಳಿ ನೀರಿಗೆ ಬಿಟ್ಟಿದ್ದರು. ರಾಕ್‌ಫಿಶ್‌ನ ರೆಕ್ಕೆಮುಳ್ಳಿನಲ್ಲಿ ಅಲ್ಪ ವಿಷವಿರುತ್ತದೆ, ಅದನ್ನು ಜೋಪಾನವಾಗಿ ಕತ್ತರಿಸಿ ತೆಗೆದು, ನಮ್ಮ ಊರಿನ ಮಸಾಲೆಯಲ್ಲೇ ಗಸಿ ಮಾಡಿದೆ.

ತಲೆಮಾರುಗಳಿಂದ ಹೆಂಗಸರು ದಡದಲ್ಲಿ ಕಾದಿದ್ದಾರೆ. ನಮ್ಮ ಕರಾವಳಿಯಲ್ಲೂ, ಮುಂಬಯಿಯ ಕೋಳಿವಾಡಗಳಲ್ಲೂ. ಕಾಯುವುದೆಂದರೆ ದೇವರಿಗೆ ಹರಕೆ ಹೊತ್ತು ಬಾಗಿಲಲ್ಲಿ ನಿಲ್ಲುವುದು ಎಂದೇ ತಿಳಿದಿದ್ದೆವು. ಹರಕೆ ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಕೈಯಲ್ಲೊಂದು ಕಾಗದವೂ ಇರಲಿ. ಆಗ ಕಾಯುವವಳೂ ಆ ತಂಡದ ಸದಸ್ಯೆ. ಅವಳ ಗಾಬರಿಗೆ ಒಂದು ಗೊತ್ತಾದ ಹೊತ್ತು, ಒಂದು ಗೊತ್ತಾದ ಕೆಲಸ ಇರುತ್ತದೆ.

ನಾವೆಲ್ಲ ಕಯಾಕ್ ಏರುವವರಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಮಕ್ಕಳು ಸಹ್ಯಾದ್ರಿಯ ಕೋಟೆಗಳಿಗೆ, ಜಲಪಾತಗಳಿಗೆ ಟ್ರೆಕ್ಕಿಂಗ್ ಹೋಗುತ್ತಾರೆ. ನಮ್ಮಲ್ಲೂ ಕೆಲವರು ಒಬ್ಬರೇ ದೂರ ಪ್ರಯಾಣ ಮಾಡುತ್ತೇವೆ. “ಹುಷಾರಾಗಿ ಹೋಗಿ ಬಾ” ಎಂದಷ್ಟೇ ಹೇಳಿ ಕಳಿಸಬೇಡಿ. ಅರ್ಧ ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆಸಿಕೊಳ್ಳಿ: ಯಾರು ಯಾರು, ಯಾವ ದಾರಿ, ಏನಾದರೆ ಹಿಂದಿರುಗಿ ಬರುತ್ತೀರಿ, ಎಷ್ಟು ಗಂಟೆಗೆ ಸುದ್ದಿಯಿಲ್ಲದಿದ್ದರೆ ನಾನು 112ಕ್ಕೆ ಫೋನ್ ಮಾಡಬೇಕು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಕ್ಕಳು ನಗಬಹುದು, ನಗಲಿ.